ನೋವು ಆಲಿಸುವವರ ನೋವಿಗೆ ಯಾರು ಹೊಣೆ?

ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳು, ಯುದ್ಧಭೂಮಿಯಿಂದ ಮರಳಿದ ಸೈನಿಕ, ಗುಡ್ಡ ಕುಸಿದು ಮನೆಮಂದಿಯನ್ನು ಕಳೆದುಕೊಂಡ ಕೃಷಿಕ, ಸ್ವಂತ ಮನೆಯಲ್ಲೇ ದೌರ್ಜನ್ಯ ಅನುಭವಿಸಿದ ಮಗು. ಇವರ ಮಾನಸಿಕ ಆಘಾತದ ಬಗ್ಗೆ ಈಗ ಪತ್ರಿಕೆಗಳಲ್ಲೂ ವೇದಿಕೆಗಳಲ್ಲೂ ಮಾತು ನಡೆಯುತ್ತಿದೆ. ಆದರೆ ಆ ಆಘಾತದ ವಿವರಗಳನ್ನು ದಿನವೂ ಎದುರು ಕೂತು ಆಲಿಸುವ ಮನೋಚಿಕಿತ್ಸಕರಿಗೆ, ಆಪ್ತಸಮಾಲೋಚಕರಿಗೆ, ಸಮಾಜ ಕಾರ್ಯಕರ್ತರಿಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಯಾರಾದರೂ ಕೇಳಿದರೂ ಸಿಗುವ ಉತ್ತರ ಎರಡೇ ಬಗೆಯದು. ‘ಈ ಕೆಲಸಕ್ಕೆ ಬಂದ ಮೇಲೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು’ ಎಂಬುದು ಒಂದು. ‘ನಾಲ್ಕು ದಿನ ರಜೆ ಹಾಕಿ, ಧ್ಯಾನ ಮಾಡಿ, ಸರಿಹೋಗುತ್ತದೆ’ ಎಂಬುದು ಇನ್ನೊಂದು. ಒಂದು ಗದರಿಕೆ, ಇನ್ನೊಂದು ಸಮಾಧಾನ. ಆದರೂ ಎರಡರ ಅರ್ಥ ಒಂದೇ: ಇದು ನಿಮ್ಮ ಸ್ವಂತ ಸಮಸ್ಯೆ, ನೀವೇ ನೋಡಿಕೊಳ್ಳಿ. ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಾಗಿಟ್ಟು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಆಘಾತಕ್ಕೊಳಗಾದವರ ಜೊತೆ ಕೆಲಸ ಮಾಡುವವರಿಗೆ ಆಗುವ ಹಾನಿ ನಿಜ. ಆ ಹಾನಿ ಎಷ್ಟು ಎಂಬುದನ್ನು ಅವರ ಮನೋಬಲಕ್ಕಿಂತ ಹೆಚ್ಚಾಗಿ ಕೆಲಸವನ್ನು ಹೊಂದಿಸಿರುವ ರೀತಿ ನಿರ್ಧರಿಸುತ್ತದೆ. ಆದ್ದರಿಂದ ಇದನ್ನು ವೃತ್ತಿಯ ಅಪಾಯ ಎಂದು ಒಪ್ಪಿಕೊಂಡು, ಅದನ್ನು ತಡೆಯುವ ಹೊಣೆಯನ್ನು ಕೆಲಸ ಕೊಡುವವರ ಮೇಲೆ ಹೊರಿಸಬೇಕು ಎಂಬುದು ಈ ಲೇಖನದ ವಾದ.

ಮೊದಲು ಆ ಕೆಲಸ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಆಘಾತದ ಚಿಕಿತ್ಸೆಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದರಲ್ಲಿ ಒಂದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೋವಾ ರೂಪಿಸಿದ ‘ಪ್ರೊಲಾಂಗ್ಡ್ ಎಕ್ಸ್‌ಪೋಶರ್’ ವಿಧಾನ. ಸಾಮಾನ್ಯವಾಗಿ ತೊಂಬತ್ತು ನಿಮಿಷದ 8ರಿಂದ 15 ಭೇಟಿಗಳು. ಚಿಕಿತ್ಸೆಗೆ ಬಂದವರು ಕಣ್ಣು ಮುಚ್ಚಿ, ನಡೆದುಹೋದ ಘಟನೆಯನ್ನು ಈಗಲೇ ನಡೆಯುತ್ತಿದೆ ಎಂಬಂತೆ ವರ್ತಮಾನ ಕಾಲದಲ್ಲಿ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಹೇಳುತ್ತಾರೆ. ಆಗ ಏನು ಕಾಣುತ್ತಿದೆ, ಯಾವ ಸದ್ದು, ಯಾವ ವಾಸನೆ, ಮೈಯಲ್ಲಿ ಏನಾಗುತ್ತಿದೆ ಎಂದು ಚಿಕಿತ್ಸಕರು ಕೇಳುತ್ತಾರೆ. ನಡುನಡುವೆ ‘ಸೊನ್ನೆಯಿಂದ ನೂರರೊಳಗೆ ಈಗ ನಿಮ್ಮ ಸಂಕಟ ಎಷ್ಟು?’ ಎಂದು ಕೇಳಿ ಅಂಕಿ ಬರೆದುಕೊಳ್ಳುತ್ತಾರೆ. ಹೇಳಿದ್ದು ರೆಕಾರ್ಡ್ ಆಗುತ್ತದೆ, ಅದನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಬೇಕು. ಈ ವಿಧಾನದಿಂದ ಬಹಳ ಮಂದಿ ಗುಣವಾಗಿದ್ದಾರೆ. ಆದರೆ ಕುರ್ಚಿಯ ಆಚೆ ಬದಿಯಲ್ಲಿ ಕೂತವರು ಏನು ಮಾಡಬೇಕಾಗುತ್ತದೆ ಎಂಬುದನ್ನೂ ಗಮನಿಸಬೇಕು. ಅವರು ಮುಖ ತಿರುಗಿಸುವಂತಿಲ್ಲ, ಕಣ್ಣೀರಿಗೆ ಜಾಗ ಕೊಡುವಂತಿಲ್ಲ, ಮಾತು ಬದಲಿಸುವಂತಿಲ್ಲ, ಬೇಗ ಮುಗಿಸುವಂತಿಲ್ಲ. ವಿವರವನ್ನು ಅವರೇ ಕೇಳಿ ಹೊರತೆಗೆಯಬೇಕು, ಕೇಳಿದ್ದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಪ್ರಶ್ನೆ ಹೊಳೆಯುವುದಿಲ್ಲ. ಆ ಭೇಟಿ ಮುಗಿಯುವಷ್ಟರಲ್ಲಿ ಹೊರಗೆ ಇನ್ನೊಬ್ಬರು ಕಾದಿರುತ್ತಾರೆ. ಭೀಕರವಾದದ್ದನ್ನು ಮತ್ತೆ ಮತ್ತೆ ಕೇಳುವುದು ಈ ವೃತ್ತಿಯಲ್ಲಿ ಎಂದೋ ಒಮ್ಮೆ ಒದಗುವ ಸಂದರ್ಭವಲ್ಲ, ಅದೇ ಚಿಕಿತ್ಸೆಯ ಸಾಧನ.

ಈ ಕೆಲಸ ಮಾಡುವವರ ಮನಸ್ಸಿಗೆ ಏನಾಗುತ್ತದೆ ಎಂಬ ವಿಚಾರಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ರೋಗಿಯ ಮಾತು ವೈದ್ಯನಲ್ಲೂ ಭಾವನೆಗಳನ್ನು ಎಬ್ಬಿಸುತ್ತದೆ ಎಂದು ಸಿಗ್ಮಂಡ್ ಫ್ರಾಯ್ಡ್ 1910ರಲ್ಲೇ ಗುರುತಿಸಿದ್ದರು. ಆದರೆ ಅವರ ಪ್ರಕಾರ ಅದು ವೈದ್ಯ ತನ್ನೊಳಗೇ ಗುರುತಿಸಿ ಗೆಲ್ಲಬೇಕಾದ ಅಡ್ಡಿ. ಇದು ಚಿಕಿತ್ಸಕರ ಒಳಗಿನ ಕೊರತೆ ಎಂಬ ತಿಳಿವಳಿಕೆ ಮುಂದಿನ ಎರಡು ಮೂರು ತಲೆಮಾರುಗಳಲ್ಲೂ ಗಟ್ಟಿಯಾಗಿ ಉಳಿಯಿತು. ಅದು ಅಲುಗಾಡಲು ತೊಡಗಿದ್ದು 1974ರಲ್ಲಿ. ಆ ವರ್ಷ ಬಾಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸಾರಾ ಹೇಲಿ, ವಿಯೆಟ್ನಾಂನಿಂದ ಮರಳಿದ ಸೈನಿಕರು ತಾವು ಕಂಡ, ತಾವೇ ಎಸಗಿದ ಕ್ರೌರ್ಯವನ್ನು ಹೇಳಿಕೊಂಡಾಗ ಅದನ್ನು ಕೇಳುವುದು ಚಿಕಿತ್ಸಕರಿಗೆ ಎಷ್ಟು ಕಷ್ಟ ಎಂದು ಬರೆದರು. ಅದೇ ವರ್ಷ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉತ್ಸಾಹದಿಂದ ಸೇವೆಗೆ ಬಂದವರು ಕ್ರಮೇಣ ಬಳಲಿ ಬತ್ತಿಹೋಗುವುದನ್ನು ಕಂಡು ಅದಕ್ಕೆ ‘ಬರ್ನ್‌ಔಟ್’ ಎಂದು ಹೆಸರಿಟ್ಟರು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದರ ನಂತರ ಕೇಳುವವರ ಕಡೆಗೂ ಸಂಶೋಧಕರ ಗಮನ ಹೆಚ್ಚು ಹರಿಯಿತು. ನಾಜಿ ನರಮೇಧದಿಂದ ಬದುಕುಳಿದವರಿಗೆ ಚಿಕಿತ್ಸೆ ಕೊಟ್ಟವರನ್ನು ಯಾಯೆಲ್ ದಾನಿಯೇಲಿ ಅಧ್ಯಯನ ಮಾಡಿದರು. ಆ ಚಿಕಿತ್ಸಕರಲ್ಲಿ ಅಪರಾಧಿ ಭಾವ, ಸಿಟ್ಟು, ನಾಚಿಕೆ, ಭಯ ತುಂಬಿದ್ದವು. ಅನೇಕರು ತಮಗೆ ಅರಿವಿಲ್ಲದೆಯೇ ರೋಗಿ ಆ ವಿಷಯ ಎತ್ತದಂತೆ ತಡೆಯುತ್ತಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಒಂದು ಆಕ್ಷೇಪಕ್ಕೆ ಇದೇ ಉತ್ತರವಾಗುತ್ತದೆ.

1990ರಲ್ಲಿ ಲೀಸಾ ಮೆಕ್ಯಾನ್ ಮತ್ತು ಲಾರಿ ಆನ್ ಪರ್ಲ್‌ಮನ್ ಪ್ರಕಟಿಸಿದ ಪ್ರಬಂಧ ಈ ಚರ್ಚೆಗೆ ಗಟ್ಟಿ ತಳಹದಿ ಹಾಕಿತು. ಚಿಕಿತ್ಸಕರಲ್ಲಿ ಆಗುವ ಬದಲಾವಣೆಯನ್ನು ಅವರು ‘ಪರೋಕ್ಷ ಆಘಾತ’ ಎಂದು ಕರೆದರು. ಅವರ ಪ್ರಕಾರ ಪರರ ಆಘಾತದ ಕಥನಗಳನ್ನು ವರ್ಷಗಟ್ಟಲೆ ಕೇಳಿದವರಲ್ಲಿ ಲೋಕದ ಬಗೆಗಿನ ನಂಬಿಕೆಗಳೇ ಕದಲುತ್ತವೆ. ಸುರಕ್ಷತೆ, ವಿಶ್ವಾಸ, ಗೌರವ, ಆತ್ಮೀಯತೆ, ಬದುಕಿನ ಮೇಲಿನ ಹಿಡಿತ ಇಂಥ ಕಡೆಗಳಲ್ಲಿ ಆ ಬಿರುಕು ಕಾಣಿಸಿಕೊಳ್ಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳನ್ನೇ ನೋಡುವ ಸಮಾಲೋಚಕಿ ತನ್ನ ಮಗುವನ್ನು ನೆಂಟರ ಮನೆಯಲ್ಲಿ ಒಂದು ರಾತ್ರಿ ಬಿಡಲು ಹಿಂಜರಿಯುತ್ತಾಳೆ. ಕೌಟುಂಬಿಕ ಹಿಂಸೆಯ ದೂರುಗಳನ್ನು ಕೇಳಿ ಕೇಳಿ ಒಬ್ಬರಿಗೆ ಯಾವ ದಾಂಪತ್ಯದಲ್ಲೂ ನಂಬಿಕೆ ಉಳಿಯುವುದಿಲ್ಲ. ಮೆಕ್ಯಾನ್ ಮತ್ತು ಪರ್ಲ್‌ಮನ್ ಇದನ್ನು ದೌರ್ಬಲ್ಯವೆಂದು ಕರೆಯಲಿಲ್ಲ. ಮನಸ್ಸಿಟ್ಟು ಕೇಳುವ ಯಾರಿಗಾದರೂ ಹೀಗಾಗುವುದು ಸಹಜ ಎಂಬುದು ಅವರ ನಿಲುವು. 1992ರಲ್ಲಿ ದಾದಿಯರ ದಣಿವಿನ ಬಗ್ಗೆ ಬರೆಯುತ್ತಾ ಕಾರ್ಲಾ ಜಾಯ್ನ್‌ಸನ್ ‘ಅನುಕಂಪದ ದಣಿವು’ ಎಂಬ ಮಾತು ಬಳಸಿದರು. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಅದನ್ನು ಆಘಾತ ಚಿಕಿತ್ಸಕರಿಗೆ ಅನ್ವಯಿಸಿದರು. ಪಿಟಿಎಸ್‌ಡಿಯ ಲಕ್ಷಣಗಳು, ಅಂದರೆ ತಾನು ಕಾಣದ ದೃಶ್ಯ ಕಣ್ಮುಂದೆ ಬರುವುದು, ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ವಿಷಯದಿಂದ ತಪ್ಪಿಸಿಕೊಳ್ಳುವುದು, ಕೇಳುವವರಲ್ಲೂ ಮೂಡಬಹುದು ಎಂದು ಅವರು ತೋರಿಸಿದರು. ಇದಕ್ಕೆ ‘ದ್ವಿತೀಯಕ ಆಘಾತ ಒತ್ತಡ’ ಎಂಬ ಹೆಸರೂ ಬಂತು. ಹೀಗೆ ಮೂರು ನಾಲ್ಕು ಹೆಸರುಗಳು ಹುಟ್ಟಿಕೊಂಡವು. ಪರೋಕ್ಷ ಆಘಾತ ನಂಬಿಕೆಗೆ ಸಂಬಂಧಿಸಿದ್ದು, ದ್ವಿತೀಯಕ ಆಘಾತ ಒತ್ತಡ ರೋಗಲಕ್ಷಣಕ್ಕೆ, ಬರ್ನ್‌ಔಟ್ ಕೆಲಸದ ಬಳಲಿಕೆಗೆ. ಪುಸ್ತಕದಲ್ಲಿ ಇವು ಬೇರೆಬೇರೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಬರ್ನ್‌ಔಟ್ ಹೆಚ್ಚಿರುವಲ್ಲಿ ದ್ವಿತೀಯಕ ಆಘಾತವೂ ಹೆಚ್ಚಿರುತ್ತದೆ, ಎರಡರ ನಂಟು ಬಹಳ ಬಲವಾದದ್ದು ಎಂದು ತೋರಿಸಿತು. ಕೆಲಸದ ವಾತಾವರಣ ಕೆಟ್ಟರೆ ಆಘಾತದ ಕಥೆಗಳು ಇನ್ನಷ್ಟು ಆಳಕ್ಕೆ ಇಳಿಯುತ್ತವೆ ಎಂಬುದಕ್ಕೆ ಇದು ಮೊದಲ ಸುಳಿವು.

ಈ ಹಾನಿ ಎಷ್ಟು ವ್ಯಾಪಕ? ಬ್ರಯನ್ ಬ್ರೈಡ್ ಅಮೆರಿಕದ ದಕ್ಷಿಣದ ರಾಜ್ಯವೊಂದರ 282 ಸಮಾಜ ಕಾರ್ಯಕರ್ತರನ್ನು ಸಮೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಹಿಂದಿನ ಒಂದು ವಾರದಲ್ಲಿ ಆಘಾತ ಒತ್ತಡದ ಒಂದು ಲಕ್ಷಣವನ್ನಾದರೂ ಅನುಭವಿಸಿದವರು ಶೇ 70ರಷ್ಟಿದ್ದರು. ಪಿಟಿಎಸ್‌ಡಿಯ ಮುಖ್ಯ ಮಾನದಂಡಗಳನ್ನೆಲ್ಲ ತಲುಪಿದವರು ಶೇ 15ರಷ್ಟು. ಅಂದರೆ ಬಹುಪಾಲು ಜನರಿಗೆ ಸ್ವಲ್ಪ ಸ್ವಲ್ಪ ತಟ್ಟುತ್ತದೆ, ಆರೇಳು ಜನರಲ್ಲಿ ಒಬ್ಬರಿಗೆ ಗಂಭೀರವಾಗಿ ತಟ್ಟುತ್ತದೆ. ಹಾಗಾದರೆ ಆ ಒಬ್ಬರು ಯಾರು ಎಂಬುದು ನಿಜವಾದ ಪ್ರಶ್ನೆ. ಪರ್ಲ್‌ಮನ್ ಮತ್ತು ಮ್ಯಾಕ್ ಇಯನ್ 1995ರಲ್ಲಿ 188 ಆಘಾತ ಚಿಕಿತ್ಸಕರನ್ನು ಪರಿಶೀಲಿಸಿದಾಗ, ವೃತ್ತಿಗೆ ಹೊಸದಾಗಿ ಬಂದವರು ಮತ್ತು ಸ್ವತಃ ಹಿಂದೆ ಆಘಾತ ಅನುಭವಿಸಿದವರು ಹೆಚ್ಚು ತೊಂದರೆಯಲ್ಲಿದ್ದರು. ಅದೇ ವರ್ಷ ಶಾಬೆನ್ ಮತ್ತು ಫ್ರೇಜಿಯರ್ ಲೈಂಗಿಕ ಹಿಂಸೆಯ ಸಂತ್ರಸ್ತರೊಂದಿಗೆ ಕೆಲಸ ಮಾಡುವ ಮಹಿಳಾ ಸಮಾಲೋಚಕರನ್ನು ಅಧ್ಯಯನ ಮಾಡಿದಾಗ ಸ್ವಂತ ಹಿನ್ನೆಲೆಗೂ ಈಗಿನ ತೊಂದರೆಗೂ ಸಂಬಂಧ ಕಾಣಲಿಲ್ಲ. ಅಂಥ ಪ್ರಕರಣಗಳು ಕೈಯಲ್ಲಿ ಹೆಚ್ಚಿದ್ದಷ್ಟೂ ತೊಂದರೆಯೂ ಹೆಚ್ಚಿತ್ತು. ಸ್ವಂತ ಹಿನ್ನೆಲೆಯ ಬಗ್ಗೆ ಅಧ್ಯಯನಗಳು ಇಂದಿಗೂ ಒಂದೇ ಮಾತು ಹೇಳುವುದಿಲ್ಲ. ಪ್ರಕರಣಗಳ ಹೊರೆಯ ಬಗ್ಗೆ ಹೆಚ್ಚಿನವು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಈ ವಾದಕ್ಕೆ ಬಲವಾದ ಸಾಕ್ಷ್ಯ ಸಿಗುವುದು ಎರಡು ಕಡೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನ 236 ಸಮಾಜ ಕಾರ್ಯಕರ್ತರನ್ನು ಬೊಸ್ಕರಿನೊ, ಫಿಗ್ಲಿ ಮತ್ತು ಆಡಮ್ಸ್ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ದಾಳಿಯ ಸಂತ್ರಸ್ತರೊಂದಿಗೆ ಹೆಚ್ಚು ಕೆಲಸ ಮಾಡಿದವರಿಗೆ ದ್ವಿತೀಯಕ ಆಘಾತ ಹೆಚ್ಚಿತ್ತು. ಕೆಲಸದ ಜಾಗದಲ್ಲಿ ಬೆಂಬಲ ಇದ್ದವರಿಗೆ ಅದು ಕಡಿಮೆಯಿತ್ತು. ಎರಡನೆಯದು ಕೆನಡಾದ ಒಂಟಾರಿಯೊದಲ್ಲಿ ಟೆಡ್ ಬೋಬರ್ ಮತ್ತು ಶೆರಿಲ್ ರೇಗೆರ್ 259 ಚಿಕಿತ್ಸಕರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ವಿರಾಮ, ಹವ್ಯಾಸ, ಸ್ವಂತ ಆರೈಕೆ, ಹಿರಿಯ ವೃತ್ತಿಪರರೊಂದಿಗೆ ಪ್ರಕರಣಗಳನ್ನು ಚರ್ಚಿಸುವ ‘ಸೂಪರ್‌ವಿಷನ್’ ಇವೆಲ್ಲ ಒಳ್ಳೆಯದು ಎಂದು ಆ ಚಿಕಿತ್ಸಕರು ನಂಬಿದ್ದರು. ಆದರೆ ಹಾಗೆ ನಂಬಿದವರು ವಿರಾಮಕ್ಕೋ ಸ್ವಂತ ಆರೈಕೆಗೋ ಹೆಚ್ಚು ಸಮಯ ಕೊಡುತ್ತಿರಲಿಲ್ಲ. ಸಮಯ ಕೊಟ್ಟವರಲ್ಲೂ ಆಘಾತದ ಅಂಕ ಕಡಿಮೆಯಿರಲಿಲ್ಲ. ಆಘಾತಕ್ಕೊಳಗಾದವರ ಜೊತೆ ವಾರದಲ್ಲಿ ಎಷ್ಟು ಗಂಟೆ ಕಳೆಯುತ್ತಾರೆ ಎಂಬುದೇ ತೊಂದರೆಯನ್ನು ಚೆನ್ನಾಗಿ ಸೂಚಿಸಿದ್ದು. ಚಿಕಿತ್ಸಕರಿಗೆ ‘ನಿಮ್ಮನ್ನು ನೀವು ನೋಡಿಕೊಳ್ಳಿ’ ಎಂದು ಬೋಧಿಸುವ ಬದಲು ಪ್ರಕರಣಗಳನ್ನು ಹೆಚ್ಚು ಜನರಿಗೆ ಹಂಚುವ ವ್ಯವಸ್ಥೆ ಬೇಕು ಎಂಬುದು ಅವರು ತಲುಪಿದ ತೀರ್ಮಾನ. ಎಕ್ಸ್‌ರೇ ಕೋಣೆಯ ತಂತ್ರಜ್ಞರನ್ನು ನೆನೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ವಿಕಿರಣ ತಡೆಯಲು ಮೈ ಗಟ್ಟಿ ಮಾಡಿಕೊಳ್ಳಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಸೀಸದ ಏಪ್ರನ್ ಕೊಡುತ್ತಾರೆ, ಎದೆಗೆ ಬ್ಯಾಡ್ಜ್ ಸಿಕ್ಕಿಸಿ ಎಷ್ಟು ವಿಕಿರಣ ತಾಗಿದೆ ಎಂದು ಅಳೆಯುತ್ತಾರೆ, ಮಿತಿ ಮೀರಿದರೆ ಆ ಕೋಣೆಯಿಂದ ಹೊರಗಿಡುತ್ತಾರೆ. ಆಘಾತವನ್ನು ಆಲಿಸುವವರ ವಿಷಯದಲ್ಲಿ ಅಳತೆಯೂ ಇಲ್ಲ, ಮಿತಿಯೂ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಗಟ್ಟಿಯಾದದ್ದೇ. ಈ ಪುರಾವೆಗಳೆಲ್ಲ ಅಷ್ಟು ಭದ್ರವೇ? 2003ರಲ್ಲಿ ಬ್ರಿಟನ್‌ನ ಸೇಬಿನ್-ಫ್ಯಾರೆಲ್ ಮತ್ತು ಟರ್ಪಿನ್ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿ, ಪರೋಕ್ಷ ಆಘಾತಕ್ಕೆ ಸಿಗುವ ಪುರಾವೆ ತೆಳುವಾಗಿದೆ, ಒಂದಕ್ಕೊಂದು ಹೊಂದುವುದಿಲ್ಲ ಎಂದರು. ಹೆಚ್ಚಿನವು ಒಂದೇ ಬಾರಿ ಪ್ರಶ್ನಾವಳಿ ತುಂಬಿಸಿದ ಅಧ್ಯಯನಗಳು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವು ವಿರಳ. ತೊಂದರೆಯಲ್ಲಿರುವವರೇ ಉತ್ತರಿಸಲು ಮುಂದೆ ಬಂದಿರಬಹುದು. ಅಥವಾ ತೀರಾ ಬಳಲಿದವರು ಕೆಲಸವನ್ನೇ ಬಿಟ್ಟು ಎಣಿಕೆಯಿಂದ ತಪ್ಪಿಸಿಕೊಂಡಿರಬಹುದು. ಈ ಟೀಕೆಯನ್ನು ಒಪ್ಪಲೇಬೇಕು. ಎಲ್ಲ ಆಘಾತ ಚಿಕಿತ್ಸಕರೂ ಒಳಗೊಳಗೇ ಕುಸಿಯುತ್ತಿದ್ದಾರೆ ಎಂಬ ಚಿತ್ರ ಸುಳ್ಳು. ಆದರೆ ಈ ಟೀಕೆ ಅಲುಗಿಸುವುದು ‘ಆಘಾತದ ಕಥೆ ಕೇಳಿದವರಿಗೆಲ್ಲ ಅದು ಅಂಟುತ್ತದೆ’ ಎಂಬ ವಾದವನ್ನು. ಹೊರೆ, ಅನುಭವ, ಬೆಂಬಲ ಇವು ವ್ಯತ್ಯಾಸ ಮಾಡುತ್ತವೆ ಎಂಬ ಮಾತಿಗೆ ಅದರಿಂದ ಧಕ್ಕೆಯಿಲ್ಲ. ಸರಾಸರಿ ಪರಿಣಾಮ ಸಣ್ಣದಾಗಿ ಕಾಣುವುದಕ್ಕೆ ಕೆಲವು ಕಡೆ ಕೆಲಸ ಚೆನ್ನಾಗಿ ಹೊಂದಿಸಿರುವುದೇ ಕಾರಣವಾಗಿರಲೂಬಹುದು. ಇನ್ನೊಂದು ಮಾತೂ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಐದನೇ ಆವೃತ್ತಿ ಪಿಟಿಎಸ್‌ಡಿಗೆ ಕಾರಣವಾಗಬಹುದಾದ ಅನುಭವಗಳಲ್ಲಿ, ಕೆಲಸದ ಭಾಗವಾಗಿ ಭೀಕರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದನ್ನೂ ಸೇರಿಸಿತು. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ಎದುರಿಸುವ ಪೊಲೀಸರ ಉದಾಹರಣೆಯನ್ನು ಅದು ಕೊಡುತ್ತದೆ. ಪದಗಳ ವಿಷಯದಲ್ಲಿ ಬಹು ಜಾಗರೂಕವಾದ ಒಂದು ವೃತ್ತಿ ಇಷ್ಟನ್ನು ಒಪ್ಪಿದೆ.

ಎರಡನೇ ಆಕ್ಷೇಪ ಈ ಕೆಲಸದ ಇನ್ನೊಂದು ಮುಖವನ್ನು ತೋರಿಸುತ್ತದೆ. ಪಿಲಾರ್ ಹೆರ್ನಾಂಡೆಜ್ ಮತ್ತು ಸಂಗಡಿಗರು ಕೊಲಂಬಿಯಾದ ಬೊಗೊಟಾದಲ್ಲಿ ರಾಜಕೀಯ ಹಿಂಸೆಯ ಸಂತ್ರಸ್ತರಿಗೆ ಚಿಕಿತ್ಸೆ ಕೊಡುವವರನ್ನು ಮಾತನಾಡಿಸಿದಾಗ ಕುಸಿತದ ಜೊತೆಗೆ ಬೇರೆಯದೂ ಕಾಣಿಸಿತು. ಎಲ್ಲವನ್ನೂ ಕಳೆದುಕೊಂಡವರು ಮತ್ತೆ ಎದ್ದು ನಿಲ್ಲುವುದನ್ನು ಕಂಡು ಚಿಕಿತ್ಸಕರಲ್ಲೂ ಧೈರ್ಯ, ಭರವಸೆ ಬೆಳೆದಿತ್ತು. 2007ರಲ್ಲಿ ಪ್ರಕಟವಾದ ಆ ಪ್ರಬಂಧ ಇದನ್ನು ‘ಪರೋಕ್ಷ ಚೇತರಿಕೆಯ ಶಕ್ತಿ’ ಎಂಬ ಅರ್ಥದಲ್ಲಿ ಹೆಸರಿಸಿತು. ಈ ಕೆಲಸದಿಂದ ಬದುಕಿಗೆ ಅರ್ಥ ಸಿಕ್ಕಿದೆ ಎಂದು ಹೇಳುವ ಚಿಕಿತ್ಸಕರು ಇತರ ಅಧ್ಯಯನಗಳಲ್ಲೂ ಇದ್ದಾರೆ. ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ನಡೆಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಪರರ ನೋವನ್ನು ತನ್ನದೇ ನೋವಾಗಿ ಅನುಭವಿಸುವಾಗ ಮನಸ್ಸು ಬಳಲುತ್ತದೆ, ಅವರಿಗೆ ಒಳಿತಾಗಲಿ ಎಂದು ಬಯಸುವ ಕರುಣೆಯ ತರಬೇತಿ ಪಡೆದಾಗ ಹಿತಕರ ಭಾವನೆಗಳು ಹೆಚ್ಚುತ್ತವೆ ಎಂದು ಅವರು ಕಂಡುಕೊಂಡರು. ಹಾಗಿದ್ದರೆ ಸರಿಯಾದ ಮನೋಭಾವ ಬೆಳೆಸಿಕೊಂಡರೆ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಮನೋಭಾವಕ್ಕೆ ಬೆಲೆಯಿದೆ, ನಿಜ. ಆದರೆ ಸಂತ್ರಸ್ತರು ಚೇತರಿಸಿಕೊಳ್ಳುವುದನ್ನು ಕಾಣಬೇಕಾದರೆ ಅವರ ಜೊತೆ ಕೊನೆಯವರೆಗೆ ಕೆಲಸ ಮಾಡುವ ಅವಕಾಶ ಬೇಕು. ಒಂದೇ ಭೇಟಿಯಲ್ಲಿ ಹೇಳಿಕೆ ಬರೆದುಕೊಂಡು ಮುಂದಿನ ಕೇಸಿಗೆ ಹೋಗುವ ಸಮಾಲೋಚಕಿ ಕೇಳುವುದು ಬರೀ ಗಾಯದ ಕಥೆ, ಅದು ಮಾಯುವುದನ್ನು ಕಾಣುವ ಭಾಗ್ಯ ಆಕೆಗಿಲ್ಲ. ಕ್ರೇಗ್ ಮತ್ತು ಸ್ಪ್ರಾಂಗ್ 2010ರಲ್ಲಿ 532 ಆಘಾತ ತಜ್ಞರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿತ ಚಿಕಿತ್ಸಾ ವಿಧಾನಗಳನ್ನು ಬಳಸುವವರಿಗೆ ದಣಿವು ಕಡಿಮೆ, ತೃಪ್ತಿ ಹೆಚ್ಚು ಇತ್ತು. ಏನು ಮಾಡಬೇಕು ಎಂದು ಗೊತ್ತಿರುವವರಿಗೆ, ಮಾಡಿದ್ದು ಫಲ ಕೊಟ್ಟಿದ್ದನ್ನು ಕಂಡವರಿಗೆ, ಕೇಳುವುದು ಅಸಹಾಯಕತೆಯಾಗಿ ಉಳಿಯುವುದಿಲ್ಲ. ತರಬೇತಿ ಕೊಡುವುದು, ಸಮಯ ಕೊಡುವುದು ಸಂಸ್ಥೆಯ ಕೈಯಲ್ಲಿದೆ. ಚಿಕಿತ್ಸಕರ ಒಳಗಿನ ಬಲವೂ ಹೊರಗಿನ ವ್ಯವಸ್ಥೆಯಿಂದಲೇ ಪೋಷಣೆ ಪಡೆಯುತ್ತದೆ.

ಮೂರನೇ ಆಕ್ಷೇಪ ನೈತಿಕವಾದದ್ದು, ಅದನ್ನು ಎತ್ತುವವರ ಕಾಳಜಿಯನ್ನು ಗೌರವಿಸಬೇಕು. ಸಂತ್ರಸ್ತರ ಕಷ್ಟದ ಮುಂದೆ ಸಂಬಳ ಪಡೆದು ಕೇಳುವವರ ಕಷ್ಟ ಯಾವ ಲೆಕ್ಕ? ‘ನಿಮ್ಮ ಕಥೆ ಕೇಳಿದರೆ ನಮಗೆ ಕಾಯಿಲೆ ಬರುತ್ತದೆ’ ಎಂದಂತಾಗಿ, ಮೊದಲೇ ತನ್ನನ್ನು ತಾನು ದೂಷಿಸಿಕೊಳ್ಳುವ ಸಂತ್ರಸ್ತೆಗೆ ಇನ್ನೊಂದು ಹೊರೆ ಹೊರಿಸಿದಂತಾಗುವುದಿಲ್ಲವೇ? ಇದಕ್ಕೆ ಉತ್ತರ ದಾನಿಯೇಲಿ ಅವರ ಅಧ್ಯಯನದಲ್ಲಿದೆ. ಬಳಲಿದ ಚಿಕಿತ್ಸಕರು ಅನೇಕ ಬಾರಿ ಕೆಲಸ ನಿಲ್ಲಿಸುವ ಮೊದಲೇ ಕೇಳುವುದನ್ನು ನಿಲ್ಲಿಸುತ್ತಾರೆ. ವಿವರಕ್ಕೆ ಹೋಗುವ ಮೊದಲೇ ಸಮಾಧಾನ ಹೇಳುತ್ತಾರೆ, ಮಾತನ್ನು ಬೇರೆ ಕಡೆ ತಿರುಗಿಸುತ್ತಾರೆ, ಅನುಮಾನಿಸುತ್ತಾರೆ, ‘ಆಗಿದ್ದಾಯ್ತು, ಮುಂದೆ ನೋಡಿ’ ಎನ್ನುತ್ತಾರೆ. ಆಘಾತಕ್ಕೊಳಗಾದವರಿಗೆ ಹೇಳಿಕೊಳ್ಳಲು ಸಿಕ್ಕಿದ್ದ ಒಂದು ಬಾಗಿಲೂ ಮುಚ್ಚುತ್ತದೆ. ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಸುಸಾನ್ ಜ್ಯಾಕ್ಸನ್ ಜೊತೆ ರೂಪಿಸಿದ ಬರ್ನ್‌ಔಟ್ ಮಾಪನದಲ್ಲಿ ಭಾವನಾತ್ಮಕ ಬಳಲಿಕೆಯ ಪಕ್ಕದಲ್ಲೇ ಇನ್ನೊಂದು ಅಳತೆಯಿದೆ: ಎದುರಿರುವವರನ್ನು ಮನುಷ್ಯರಂತೆ ಕಾಣದೆ ಬರೀ ಕೇಸುಗಳಂತೆ ಕಾಣುವುದು. ಅದರ ಪೆಟ್ಟು ಬೀಳುವುದು ಸಂತ್ರಸ್ತರಿಗೇ. ಕೇಳುವವರನ್ನು ಕಾಪಾಡುವುದು ಹೇಳುವವರನ್ನು ಕಾಪಾಡುವ ಮಾರ್ಗವೇ ಆಗಿದೆ. ಹಾನಿ ಸಂತ್ರಸ್ತರ ಕಥೆಯಿಂದ ಬಂತು ಎನ್ನುವ ಬದಲು ಮಿತಿಯಿಲ್ಲದ ಹೊರೆಯಿಂದ ಬಂತು ಎಂದು ಹೇಳಿದರೆ ಸಂತ್ರಸ್ತೆಯ ಮೇಲೆ ಯಾವ ಆರೋಪವೂ ಉಳಿಯುವುದಿಲ್ಲ.

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ಸಾಗುತ್ತಿದೆ. 2022ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯ ವಿಕ್ಟೋರಿಯಾ ರಾಜ್ಯದ ಪ್ರಕರಣವೊಂದರಲ್ಲಿ ಕೊಟ್ಟ ತೀರ್ಪು ಗಮನಾರ್ಹ. ದೂರುದಾರರು ಚಿಕಿತ್ಸಕಿಯಲ್ಲ, ಲೈಂಗಿಕ ಅಪರಾಧಗಳ ವಿಶೇಷ ಘಟಕದಲ್ಲಿ ಸರ್ಕಾರಿ ವಕೀಲಿಕೆಯ ಕೆಲಸ ಮಾಡುತ್ತಿದ್ದವರು. ಮಕ್ಕಳ ಮೇಲಿನ ದೌರ್ಜನ್ಯವೂ ಸೇರಿದಂತೆ ಲೈಂಗಿಕ ಅಪರಾಧಗಳ ಕಡತಗಳನ್ನೇ ನೋಡುತ್ತಾ ಅವರಿಗೆ ಪಿಟಿಎಸ್‌ಡಿ ಮತ್ತು ಖಿನ್ನತೆ ಬಂದಿತ್ತು. ಪರೋಕ್ಷ ಆಘಾತದ ಬಗ್ಗೆ ಆ ಕಚೇರಿಯಲ್ಲಿ ಲಿಖಿತ ನೀತಿಯೇ ಇತ್ತು, ಸಿಬ್ಬಂದಿ 2011ರಲ್ಲಿ ತಮ್ಮ ಸಂಕಷ್ಟವನ್ನು ಬರೆದು ತಿಳಿಸಿಯೂ ಇದ್ದರು. ನೀತಿ ಕಾಗದದಲ್ಲೇ ಉಳಿದಿತ್ತು. ಇಂಥ ಕೆಲಸದಲ್ಲಿ ಮಾನಸಿಕ ಹಾನಿಯ ಅಪಾಯ ಸ್ಪಷ್ಟವಾಗಿರುವಾಗ, ನೌಕರರು ಕುಸಿದು ಬೀಳುವವರೆಗೆ ಕಾಯದೆ ಮೊದಲೇ ಕ್ರಮ ಕೈಗೊಳ್ಳುವುದು ಉದ್ಯೋಗದಾತರ ಕರ್ತವ್ಯ ಎಂಬ ನಿಲುವಿನಿಂದ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಬ್ರಿಟನ್‌ನಲ್ಲಿ ಸಮಾಲೋಚಕರ ಪ್ರಮುಖ ಸಂಘ ತನ್ನ ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಹಿರಿಯ ವೃತ್ತಿಪರರೊಬ್ಬರ ಮುಂದೆ ಕೂತು ಪ್ರಕರಣಗಳನ್ನೂ, ಅವು ತನ್ನ ಮೇಲೆ ಮಾಡಿದ ಪರಿಣಾಮವನ್ನೂ ಬಿಚ್ಚಿಡುವ ಸಮಯ ಅದು. ಭಾರತದಲ್ಲಿ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅಂದರೆ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ, ಸಿಲಿಕೋಸಿಸ್ ಇತ್ತು, ಸೀಸದ ವಿಷ ಇತ್ತು, ಸದ್ದಿನಿಂದ ಬರುವ ಕಿವುಡುತನ ಇತ್ತು. ಮನಸ್ಸಿಗೆ ಆಗುವ ಯಾವ ಹಾನಿಯೂ ಇರಲಿಲ್ಲ. ಇಲ್ಲಿ ಸಮಾಲೋಚಕರಿಗೆ ತರಬೇತಿಯ ಅವಧಿ ಮುಗಿದ ಮೇಲೆ ಸೂಪರ್‌ವಿಷನ್ ಎಂಬುದು ಅವರವರ ಇಷ್ಟ, ಅವರವರ ಖರ್ಚು.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. ದೇಶದ ಮಾನಸಿಕ ಆರೋಗ್ಯದ ಪ್ರಮುಖ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಒಡಿಶಾದ ಚಂಡಮಾರುತ (1999), ಗುಜರಾತಿನ ಭೂಕಂಪ (2001), ಸುನಾಮಿ (2004) ಇವುಗಳ ನಂತರ ಅಲ್ಲಿನ ತಜ್ಞರು ಸ್ಥಳೀಯ ಕಾರ್ಯಕರ್ತರಿಗೆ ಮಾನಸಿಕ ಆಸರೆಯ ತರಬೇತಿ ಕೊಟ್ಟರು. ಆ ಕಾರ್ಯಕರ್ತರಲ್ಲಿ ಅನೇಕರು ಅದೇ ದುರಂತದಲ್ಲಿ ನೊಂದವರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416 ಸಂಖ್ಯೆಗೆ, ನಿಮ್ಹಾನ್ಸ್ ರಾಷ್ಟ್ರೀಯ ಕೇಂದ್ರ. ಆದರೆ ರಾಜ್ಯದಲ್ಲಿ ಆಘಾತದ ಮೊದಲ ಕಥೆ ಕೇಳುವವರು ಬಹುಮಟ್ಟಿಗೆ ನಿಮ್ಹಾನ್ಸ್‌ನ ತಜ್ಞರಲ್ಲ. 2000-01ರಲ್ಲಿ ಶುರುವಾಗಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಸಾಂತ್ವನ ಕೇಂದ್ರಗಳ ಸಮಾಲೋಚಕಿಯರು, 2015ರ ನಂತರ ಬಂದ ಸಖಿ ಒನ್ ಸ್ಟಾಪ್ ಕೇಂದ್ರಗಳ ಸಿಬ್ಬಂದಿ, ಮಕ್ಕಳ ಸಹಾಯವಾಣಿ 1098ರಲ್ಲಿ ಕರೆ ತೆಗೆದುಕೊಳ್ಳುವವರು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಗಳು ಆ ಕೆಲಸ ಮಾಡುತ್ತಾರೆ. ಬೆಂಬಲ ವ್ಯಕ್ತಿಯ ಕೆಲಸವನ್ನೇ ನೋಡಿ. ಮಗು ಮತ್ತು ತಂದೆತಾಯಿಯ ಮಾತು ಕೇಳಬೇಕು, ವೈದ್ಯಕೀಯ ತಪಾಸಣೆಗೆ ಜೊತೆಯಾಗಬೇಕು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವಾಗ ಧೈರ್ಯ ತುಂಬಬೇಕು, ವಿಚಾರಣೆ ಮುಂದೂಡಿದಾಗಲೆಲ್ಲ ಮನೆಯವರಿಗೆ ಸಮಾಧಾನ ಹೇಳಬೇಕು. ಒಂದೇ ಘಟನೆ, ಬೇರೆ ಬೇರೆ ಕೋಣೆಗಳಲ್ಲಿ, ತಿಂಗಳುಗಟ್ಟಲೆ. ಈ ಕೆಲಸಕ್ಕೆ 2020ರ ಪೋಕ್ಸೊ ನಿಯಮಗಳು ಹಾಕಿರುವ ಸಂಭಾವನೆಯ ಕೆಳಮಿತಿ ಕುಶಲ ಕಾರ್ಮಿಕರ ಕನಿಷ್ಠ ವೇತನ. ಆ ನಿಯಮಗಳಲ್ಲಿ ಮಗುವಿನ ಬಗ್ಗೆ ಕಾಳಜಿ ಇದೆ, ಇರಲೇಬೇಕು. ಮಗುವಿನ ಕೈ ಹಿಡಿದವರು ಎಷ್ಟು ಪ್ರಕರಣಗಳನ್ನು ಒಟ್ಟಿಗೆ ಹೊರಬಹುದು ಎಂಬ ಪ್ರಶ್ನೆಗೂ ಅಲ್ಲಿ ಉತ್ತರ ಸಿಗಬೇಕು.

ಕೊನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಇಷ್ಟೆಲ್ಲ ಮಾಡಲು ಜನ ಎಲ್ಲಿದ್ದಾರೆ, ಹಣ ಎಲ್ಲಿದೆ? ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆಯಿದೆ. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಇಂಥ ಬರಗಾಲದಲ್ಲಿ ಇರುವ ಸಮಾಲೋಚಕರ ಕೇಸು ಕಡಿಮೆ ಮಾಡಿದರೆ ಕಾಯುವವರ ಸಾಲು ಇನ್ನೂ ಉದ್ದವಾಗುವುದಿಲ್ಲವೇ? ಮೊದಲ ಒಂದೆರಡು ತಿಂಗಳು ಆಗಬಹುದು. ಆದರೆ ಹೊಸಬರಿಗೇ ಹೆಚ್ಚು ಹಾನಿ ಎಂದು ಅಧ್ಯಯನ ಹೇಳುತ್ತಿದೆ. ಅವರು ಬಳಲಿ ಕೆಲಸ ಬಿಟ್ಟರೆ ಕೊಟ್ಟ ತರಬೇತಿಯೂ ಹೋಯಿತು, ಗಳಿಸಿದ ಅನುಭವವೂ ಹೋಯಿತು, ಆ ಕುರ್ಚಿಗೆ ಮತ್ತೊಬ್ಬ ಹೊಸಬರು ಬಂದರು. ಜನ ಕಡಿಮೆ ಇರುವ ದೇಶಕ್ಕೆ ಈ ಸೋರಿಕೆಯೇ ಅತಿ ದುಬಾರಿ. ‘ನಮ್ಮಲ್ಲಿ ಯೋಗ ಇದೆ, ಪ್ರಾಣಾಯಾಮ ಇದೆ, ಕೂಡುಕುಟುಂಬ ಇದೆ’ ಎಂಬ ಮಾತೂ ಬರುತ್ತದೆ. ಯೋಗದಿಂದ ಮನಸ್ಸಿಗೆ ಹಿತವಾಗುವುದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬೆಳಿಗ್ಗೆ ಅರ್ಧ ಗಂಟೆ ಪ್ರಾಣಾಯಾಮ ಮಾಡಿದವರಿಗೂ ದಿನಕ್ಕೆ ಎಂಟು ಅತ್ಯಾಚಾರ ಪ್ರಕರಣ ಕೇಳುವುದು ಹೆಚ್ಚೇ. ಮನೆಯವರ ಆಸರೆಗೂ ಒಂದು ಮಿತಿಯಿದೆ, ಏಕೆಂದರೆ ಗೋಪ್ಯತೆಯ ನಿಯಮ ಕೇಳಿದ್ದನ್ನು ಮನೆಯಲ್ಲಿ ಹೇಳಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ನಡೆಸುವ ಒತ್ತಡ ನಿವಾರಣೆಯ ಶಿಬಿರವೂ ಸಾಲದು. ದುರಂತದ ನಂತರ ಒಂದೇ ಬಾರಿ ಕೂರಿಸಿ ಮಾತನಾಡಿಸುವ ‘ಡಿಬ್ರೀಫಿಂಗ್’ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವರದಿ ಎರಡು ದಶಕಗಳ ಹಿಂದೆಯೇ ಹೇಳಿದೆ.

ಹಾಗಾದರೆ ಆಗಬೇಕಾದದ್ದು ಏನು? ಯಾವುದೂ ಅಸಾಧ್ಯವಲ್ಲ. ಒಬ್ಬ ಸಮಾಲೋಚಕರು ವಾರಕ್ಕೆ ಎಷ್ಟು ಗಂಟೆ ಆಘಾತದ ಪ್ರಕರಣಗಳನ್ನು ನೋಡಬಹುದು ಎಂಬುದಕ್ಕೆ ಪ್ರತಿ ಕೇಂದ್ರದಲ್ಲೂ ಮಿತಿ ಇರಲಿ, ಆ ಗಂಟೆಗಳ ಲೆಕ್ಕ ದಾಖಲಾಗಲಿ. ಆಘಾತದ ಪ್ರಕರಣಗಳ ಜೊತೆಗೆ ತರಬೇತಿ, ಜಾಗೃತಿ, ಕಚೇರಿ ಕೆಲಸಗಳನ್ನು ಬೆರೆಸಿ ಹಂಚಲಿ. ಹೊಸಬರಿಗೆ ಮೊದಲ ವರ್ಷ ಕಡಿಮೆ ಪ್ರಕರಣ, ಹೆಚ್ಚು ಸೂಪರ್‌ವಿಷನ್ ಸಿಗಲಿ. ಸೂಪರ್‌ವಿಷನ್ ಸಂಬಳದ ಸಮಯದಲ್ಲೇ ನಡೆಯಲಿ, ನೌಕರಿಯ ಮೌಲ್ಯಮಾಪನ ಮಾಡುವ ಮೇಲಧಿಕಾರಿ ಅದನ್ನು ನಡೆಸದಿರಲಿ. ಇಲ್ಲದಿದ್ದರೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಜಿಲ್ಲೆಯಲ್ಲಿ ತಜ್ಞರಿಲ್ಲದಿದ್ದರೆ ಟೆಲಿ-ಮಾನಸ್‌ಗೆ ಕಟ್ಟಿರುವ ಜಾಲದ ಮೂಲಕವೇ ವಿಡಿಯೊ ಕರೆಯಲ್ಲಿ ಸೂಪರ್‌ವಿಷನ್ ಕೊಡಬಹುದು. ಬಳಲಿದವರು ಹೆಸರು ಕೆಡಿಸಿಕೊಳ್ಳದೆ ಬೇರೆ ಕೆಲಸಕ್ಕೆ ಬದಲಾಗುವ ದಾರಿ ತೆರೆದಿರಲಿ. ಸಮಾಲೋಚಕರನ್ನೂ ಸಮಾಜ ಕಾರ್ಯಕರ್ತರನ್ನೂ ಒಳಗೊಳ್ಳುವ 2021ರ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಡಿ ಮಾನದಂಡಗಳನ್ನು ರೂಪಿಸುವಾಗ ಇವೆಲ್ಲ ಅದರೊಳಗೆ ಸೇರಬೇಕು. ತರಬೇತಿ ಕಾಲೇಜುಗಳಲ್ಲಿ ಇದು ಒಂದು ಪಾಠವಾಗಬೇಕು, ಹಾಗೆಂದು ಪಾಠ ಮಾಡಿ ಕೈತೊಳೆದುಕೊಳ್ಳುವಂತಾಗಬಾರದು. ನಮ್ಮ ಸಮಾಲೋಚಕರನ್ನು ಐದಾರು ವರ್ಷ ಹಿಂಬಾಲಿಸಿ ನೋಡುವ ಅಧ್ಯಯನಗಳೂ ಬೇಕು.

ಆಘಾತಕ್ಕೊಳಗಾದವರನ್ನು ಆಲಿಸುವುದು ಸಮಾಜ ಮಾಡಬೇಕಾದ ಕೆಲಸ. ಎಲ್ಲರೂ ಮಾಡಲಾಗದ್ದರಿಂದ ಕೆಲವರನ್ನು ನೇಮಿಸಿ ನಮ್ಮೆಲ್ಲರ ಪರವಾಗಿ ಕೂರಿಸಿದ್ದೇವೆ. ಅವರು ಕುಸಿದರೆ ಅದು ಅವರ ಮನೋಬಲದ ಕೊರತೆಯಲ್ಲ, ನಾವು ಕಟ್ಟಿದ ವ್ಯವಸ್ಥೆಯ ಕೊರತೆ. ಸಾಂತ್ವನ ಕೇಂದ್ರಕ್ಕೂ ಸಖಿ ಕೇಂದ್ರಕ್ಕೂ ಸಹಾಯವಾಣಿಗೂ ಮುಂದಿನ ಬಾರಿ ಹಣ ಮಂಜೂರು ಮಾಡುವಾಗ ಕುರ್ಚಿ, ಕಂಪ್ಯೂಟರ್, ಬೋರ್ಡಿನ ಜೊತೆಗೆ ಪ್ರಕರಣಗಳ ಮಿತಿಗೆ ಬೇಕಾದ ಹೆಚ್ಚುವರಿ ಹುದ್ದೆಗಳನ್ನೂ ಸೂಪರ್‌ವಿಷನ್‌ನ ವೆಚ್ಚವನ್ನೂ ಸರ್ಕಾರ ಬರೆಯಲೇಬೇಕು. ಅದನ್ನು ಕೇಳುವ ಹಕ್ಕು ಸಮಾಲೋಚಕರಿಗಿದೆ, ಅವರ ಪರವಾಗಿ ಕೇಳುವ ಕರ್ತವ್ಯ ನಮಗಿದೆ.